ಹಡಗಿಗೆ ಹೋಲ್ಡಾನ್ ಹೇಳಿದ ದೊಡ್ಡಪ್ಪ

ಈಗ ನಾನು ಹೇಳುವುದನ್ನು ನೀವು ನಂಬುವುದಿಲ್ಲ. ಬೇಜಾರೇನೂ ಇಲ್ಲ. ಕಾಲೇಜಿನಲ್ಲಿ ನನ್ನ ಪಕ್ಕ ಕೂರುವವಳೇ ನಂಬಲಿಲ್ಲ, 'ಹೋಗೇ, ಬುರುಡೆ ಬಿಡ್ಬೇಡ' ಅಂದಳು. ನನ್ನ ಮಾತಿನಲ್ಲಿ ಒಗ್ಗರಣೆ ಸ್ವಲ್ಪ ಜಾಸ್ತಿ ಅನ್ನುವುದು ಕಡೂರಿಗೆಲ್ಲ ಗೊತ್ತಿರುವ ವಿಷಯ. ಆದರೆ ಈ ಸಲ ಒಗ್ಗರಣೆ ಹಾಕೋಣವೆಂದರೆ ಜಾಗವೇ ಸಿಗಲಿಲ್ಲ, ಪಾತ್ರೆ ತುಂಬ ನಿಜವೇ ಇತ್ತು! ಹನ್ನೊಂದು ಮಹಡಿಯ ಹಡಗಿನೊಳಗೆ ನಿಂತು 'ಹೋಲ್ಡಾನ್! ಇಳಿಯೋರಿದ್ದಾರೆ, ಎರಡು!' ಎಂದು ಕೂಗಿದ ಮನುಷ್ಯ ಈ ಭೂಮಿಯ ಮೇಲಾಗಲಿ ನೀರಿನ ಮೇಲಾಗಲಿ ನಮ್ಮ ದೊಡ್ಡಪ್ಪನನ್ನು ಬಿಟ್ಟು ಇನ್ನೊಬ್ಬರಿದ್ದರೆ ತೋರಿಸಿ. ಒಂದು ವಾರ ಮೊಬೈಲ್ ಮುಟ್ಟುವುದಿಲ್ಲ ನಾನು!

ಹಡಗು ಆಗ ಬಂದರಿನಲ್ಲಿ ಹಗ್ಗ ಕಟ್ಟಿಸಿಕೊಂಡು ನಿಂತೇ ಇತ್ತು ಅನ್ನುವುದು ಸಣ್ಣ ವಿಷಯ. ಅದನ್ನೆಲ್ಲ ದೊಡ್ಡದು ಮಾಡಬಾರದು.

ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ. ತರೀಕೆರೆಯಿಂದ ಹೊರಟು ಅಜ್ಜಂಪುರ, ಬೀರೂರು ಮೇಲೆ ಕಡೂರಿಗೆ ಬರುವ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಒಂದು ವರ್ಷ, ಎರಡು ವರ್ಷ ಅಲ್ಲ ಸ್ವಾಮಿ, ಮೂವತ್ತೊಂದು ವರ್ಷ! ಅದೇ ರೂಟು, ಅದೇ ಡ್ರೈವರು. ಬಸ್ಸೂ ಅದೇ ಅನ್ನುತ್ತಾರೆ. ಬಾಡಿ ಒಂದು ಸಲ ಹೊಸದಾಗಿದೆ, ಎಂಜಿನ್ನು ಎರಡು ಸಲ ಬಿಚ್ಚಿ ಕಟ್ಟಿದ್ದಾರೆ, ಸೀಟುಗಳು ಎಷ್ಟು ಸಲವೋ. ಹಾಗಾದರೆ ಹಳೆಯದು ಅಂತ ಉಳಿದಿರುವುದು ಯಾವುದು ಅಂತ ಕೇಳಿದೆ. ಬಹಳ ಹೊತ್ತು ಯೋಚನೆ ಮಾಡಿ 'ಹಾರನ್ನು' ಅಂದರು.

ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತ ಮನುಷ್ಯ ಮನೆಯಲ್ಲಿ ಕೂರುತ್ತಾರೆಯೇ? ದೊಡ್ಡಪ್ಪ ಊಟ ಮಾಡುವುದು ಬಾಗಿಲ ಹತ್ತಿರ, ಪೇಪರ್ ಓದುವುದು ಕಂಬಕ್ಕೆ ಒರಗಿ, ಟೀವಿ ನೋಡುವುದು ನಿಂತುಕೊಂಡು. ಮಠದಲ್ಲಿ ದಾಸೋಹಕ್ಕೆ ಹೋದರೆ ಪಂಕ್ತಿಯ ತುದಿಯಲ್ಲಿ ನಿಂತು 'ಮುಂದ್ ಮುಂದಕ್ಕೆ ಹೋಗ್ರಪ್ಪ, ಮಧ್ಯ ಪೂರಾ ಖಾಲಿ ಇದೆ' ಎಂದು ಎಲ್ಲರನ್ನೂ ಒತ್ತಿ ಒತ್ತಿ ಕೂರಿಸುತ್ತಾರೆ. ಐವತ್ತು ಜನ ಕೂರುವ ಕಡೆ ತೊಂಬತ್ತು ಜನ ಉಂಡು ಏಳುತ್ತಾರೆ. ಕೈ ಬಾಯಿಗೆ ತರಲು ಜಾಗವಿರುವುದಿಲ್ಲ, ಅಷ್ಟೇ.

ಇನ್ನು ತಲೆ ಎಣಿಸುವ ಚಟ! ಒಮ್ಮೆ ಮನೆಮಂದಿಯೆಲ್ಲ ವ್ಯಾನಿನಲ್ಲಿ ಕೆಮ್ಮಣ್ಣುಗುಂಡಿಗೆ ಹೋಗಿ, ಜೀಪು ಮಾಡಿಕೊಂಡು ಹೆಬ್ಬೆ ಜಲಪಾತ ನೋಡಿ ಬಂದೆವು. ಹೋಗುವಾಗ ದೊಡ್ಡಪ್ಪ ಎಣಿಸಿದರು, ಹದಿನಾಲ್ಕು. ವಾಪಸ್ ಹೊರಡುವಾಗ ಕತ್ತಲಾಗುತ್ತಿತ್ತು, ಮತ್ತೆ ಎಣಿಸಿದರು, ಹದಿನಾಲ್ಕು. 'ಲೆಕ್ಕ ಸರಿ, ರೈಟ್!' ಅಂದರು. ಕಡೂರಿಗೆ ಬಂದು ದೀಪದ ಬೆಳಕಿನಲ್ಲಿ ನೋಡಿದರೆ ನಮ್ಮ ಸೋದರಮಾವ ಇಲ್ಲ! ಅವರ ಜಾಗದಲ್ಲಿ ದಾವಣಗೆರೆಯ ಯಾರೋ ಒಬ್ಬರು ಟವೆಲ್ ಹೊದ್ದು ಕೂತಿದ್ದಾರೆ. 'ನಂಗೂ ಅನ್ನಿಸ್ತು ಸಾರ್, ಗುರ್ತಿರೋ ಮುಖ ಒಂದೂ ಕಾಣ್ತಿಲ್ವಲ್ಲ ಅಂತ' ಅಂದಿತು ಆ ಪ್ರಾಣಿ. ನಮ್ಮ ಸೋದರಮಾವ ಅಷ್ಟು ಹೊತ್ತಿಗೆ ದಾವಣಗೆರೆ ವ್ಯಾನಿನಲ್ಲಿ ಅಂತ್ಯಾಕ್ಷರಿ ಹಾಡುತ್ತಿದ್ದರಂತೆ. ದೊಡ್ಡಪ್ಪ ಈಗಲೂ ಒಪ್ಪುವುದಿಲ್ಲ. 'ತಲೆ ಲೆಕ್ಕ ಸರಿ ಇತ್ತಲ್ಲ? ಮುಖ ನೋಡೋದು ನನ್ನ ಡ್ಯೂಟಿ ಅಲ್ಲ' ಅನ್ನುತ್ತಾರೆ.

ಇಂಥವರನ್ನು ಹಡಗು ಹತ್ತಿಸಿದ ಪುಣ್ಯ ನಮ್ಮಪ್ಪನದು.

ಅಪ್ಪನಿಗೆ ತಾಲ್ಲೂಕು ಆಫೀಸಿನಲ್ಲಿ ಕೆಲಸ, ಜಮೀನಿನ ಖಾತೆ ಬದಲಾವಣೆಯ ಟೇಬಲ್. ಶರ್ಟಿನ ಇಸ್ತ್ರಿ ಸಂಜೆಯವರೆಗೂ ಮುರಿಯುವುದಿಲ್ಲ. ಮಾತೂ ಹಾಗೆಯೇ, ಇಸ್ತ್ರಿ ಮಾಡಿ ಮಡಚಿಟ್ಟ ಹಾಗೆ. ದೊಡ್ಡಪ್ಪ ಎಸ್ಸೆಲ್ಸಿ ಬಿಟ್ಟು ಬಸ್ಸು ಹತ್ತಿದ್ದರಿಂದಲೇ ತಾನು ಓದಿ ಕುರ್ಚಿಯ ಮೇಲೆ ಕೂತೆ ಅನ್ನುವುದು ಅಪ್ಪನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಇತ್ತು. ದೊಡ್ಡಪ್ಪನ ಮೊಣಕಾಲು ನೋವು ಜಾಸ್ತಿಯಾದಾಗ ಅಪ್ಪ ಹಟ ಹಿಡಿದು ಕೆಲಸ ಬಿಡಿಸಿದರು. 'ನಿಂತಿದ್ದು ಸಾಕಣ್ಣ. ಇನ್ನು ಕೂತ್ಕೋ' ಅಂದರು. ಕೂರಿಸಲು ಅವರಿಗೆ ಸಿಕ್ಕ ಜಾಗ ಯಾವುದು ಗೊತ್ತೇ? ಅರಬ್ಬೀ ಸಮುದ್ರ! ಮುಂಬೈಯಲ್ಲಿ ಹತ್ತಿ, ಗೋವಾದಲ್ಲಿ ಒಂದು ಹಗಲು ನಿಂತು, ಆಮೇಲೆ ಎರಡು ದಿನ ಬರೀ ನೀರಿನ ಮೇಲೆ ತೇಲಿ, ಕೊಚ್ಚಿಯಲ್ಲಿ ಇಳಿಯುವ ವಿಹಾರದ ಹಡಗು. ಎರಡು ಟಿಕೆಟ್ಟು. ದೊಡ್ಡಮ್ಮ 'ತಳ ಕಾಣದಿರೋ ನೀರ ಮೇಲೆ ನಾನು ಮಲಗಲ್ಲ' ಎಂದು ಕೈ ಮುಗಿದರು. ಇಂಗ್ಲಿಷ್ ಮಾತಾಡಲು, ಫೋಟೋ ತೆಗೆಯಲು, ದೊಡ್ಡಪ್ಪನ ಮೇಲೆ ಕಣ್ಣಿಡಲು ಯಾರನ್ನು ಕಳಿಸುವುದು? ನನಗೆ ಪರೀಕ್ಷೆ ಮುಗಿದಿತ್ತು. ನಾನು ತ್ಯಾಗಕ್ಕೆ ಸಿದ್ಧಳಾದೆ.

ಅಪ್ಪ ಹದಿನೈದು ದಿನ ಮುಂಚಿನಿಂದ ಕಡೂರಿನಲ್ಲಿ ಸಿಕ್ಕವರಿಗೆಲ್ಲ 'ನಮ್ಮಣ್ಣ ಹಡಗಲ್ಲಿ ಹೋಗ್ತಿದ್ದಾರೆ' ಅಂದರು. ಖಾತೆ ಮಾಡಿಸಲು ಬಂದ ಹಿರೇನಲ್ಲೂರಿನ ರೈತರಿಗೂ ಬಿಡಲಿಲ್ಲ. ಹೊರಡುವ ದಿನ ಸ್ಟೇಷನ್ನಿನಲ್ಲಿ ಇಸ್ತ್ರಿ ಶರ್ಟಿನ ಅಪ್ಪ ಪ್ಲಾಟ್‌ಫಾರಂ ಮೇಲೆ ನಿಂತು ರೈಲು ಮರೆಯಾಗುವವರೆಗೂ ಕೈ ಬೀಸಿದರು. ಕೊಚ್ಚಿವರೆಗಿನ ಪ್ರತಿ ಗಂಟೆಯ ಫೋಟೋ ಕಳಿಸಬೇಕು ಅಂತ ನನಗೆ ಆರ್ಡರು.

ಹಡಗು ಹತ್ತುವ ಬಾಗಿಲಲ್ಲೇ ಶುರುವಾಯಿತು. ದೊಡ್ಡಪ್ಪ ಒಳಗೆ ಹೋಗುತ್ತಲೇ ಇಲ್ಲ! ಬಾಗಿಲ ಪಕ್ಕದ ಸರಳು ಹಿಡಿದು ನಿಂತುಬಿಟ್ಟರು.

'ದೊಡ್ಡಪ್ಪ, ಬನ್ನಿ, ನಮ್ಮ ರೂಮು ಎಂಟನೇ ಮಹಡಿ.'

'ನೀನು ಹೋಗಿ ಸೀಟ್ ಹಿಡಿ. ಇನ್ನೂ ಜನ ಹತ್ತತಾ ಇದಾರೆ, ನಾನು ಕೊನೆಗೆ ಬತ್ತೀನಿ.'

ಎರಡು ಸಾವಿರ ಜನ ಹತ್ತಿದರು. ದೊಡ್ಡಪ್ಪ ಎಣಿಸಿದರು! ಬಿಳಿ ಸಮವಸ್ತ್ರದವನು ಕೈ ಹಿಡಿದು ಒಳಗೆ ಕರೆದುಕೊಂಡು ಬರುವಾಗಲೂ ಬೆರಳು ಮಡಿಸುತ್ತಲೇ ಇದ್ದರು.

ಹೊರಡುವ ಮುಂಚೆ ಅಪಾಯವಾದರೆ ಏನು ಮಾಡಬೇಕು ಅಂತ ಎಲ್ಲರನ್ನೂ ಒಂದು ಕಡೆ ಸೇರಿಸಿ ಕವಾಯತು ಮಾಡಿಸುತ್ತಾರೆ. ನಮ್ಮ ಗುಂಪಿನಲ್ಲಿ ಮುನ್ನೂರು ಜನ. ಗುಜರಾತಿಗಳು, ಪಂಜಾಬಿಗಳು, ಮಕ್ಕಳು, ಗಲಾಟೆ. ಎಳೆ ಮೀಸೆಯ ಆಫೀಸರೊಬ್ಬ ಮೈಕಿನಲ್ಲಿ ಬೇಡಿಕೊಳ್ಳುತ್ತಿದ್ದಾನೆ, ಯಾರೂ ಕೇಳುತ್ತಿಲ್ಲ. ದೊಡ್ಡಪ್ಪನ ಕೈ ಜೇಬಿಗೆ ಹೋಯಿತು. ಅಯ್ಯೋ ಬೇಡ ಅನ್ನುವಷ್ಟರಲ್ಲಿ ವಿಷಲ್ ಬಾಯಿಗೆ ಬಂತು. ಪೀ...! ಮುನ್ನೂರು ಜನ ಶಾಕ್ ಹೊಡೆದ ಹಾಗೆ ನಿಂತರು.

'ಏ ಕೆಂಪು ಟೀಶರ್ಟು, ಒಳಗ್ ಹೋಗಪ್ಪ! ತಾಯಿ, ಮಗೂನ ಎತ್ಕಳಿ! ಡೋರತ್ರ ನಿಲ್ಬೇಡ್ರೀ, ಹಿಂದೆ ಪೂರಾ ಖಾಲಿ ಬಿದ್ದಿದೆ!'

ಒಬ್ಬರಿಗಾದರೂ ಕನ್ನಡ ಬರುತ್ತಿತ್ತೇ? ಇಲ್ಲ! ಆದರೂ ಕೆಂಪು ಟೀಶರ್ಟು ಒಳಗೆ ಹೋಯಿತು, ಮಗು ಮೇಲಕ್ಕೆ ಹೋಯಿತು, ಮುನ್ನೂರು ಜನ ನಾಲ್ಕು ನಿಮಿಷದಲ್ಲಿ ಸಾಲಾಗಿ ನಿಂತರು. ಎಳೆ ಮೀಸೆ ದೊಡ್ಡಪ್ಪನಿಗೆ ಸೆಲ್ಯೂಟ್ ಹೊಡೆದ. ನಿಜ ಹೇಳಬೇಕೆಂದರೆ ತಲೆ ಕೆರೆದುಕೊಂಡ, ಆದರೆ ಕೈ ಹೋಗಿದ್ದು ಹಣೆಯ ಹತ್ತಿರವೇ.

ಅವತ್ತು ಸಂಜೆ ಕ್ಯಾಪ್ಟನ್ ಬಂದು ಪ್ರಯಾಣಿಕರಿಗೆಲ್ಲ ಕೈ ಕುಲುಕಿದರು. ದೊಡ್ಡಪ್ಪ ಅವರ ಕೈ ಬಿಡಲೇ ಇಲ್ಲ. 'ಕೇಳೇ, ಹಿಂದಕ್ಕೆ ತಗೋವಾಗ ಯಾರು ಕೆಳಗಿಳಿದು ನೋಡ್ತಾರೆ ಅಂತ. ಇವ್ರಿಗೆ ಕಂಡಕ್ಟ್ರೇ ಕಾಣ್ತಿಲ್ಲ, ಒಬ್ರೇ ಹೆಂಗೆ ನಿಭಾಯಿಸ್ತಾರೆ ಪಾಪ!' ನಾನು ಅದನ್ನು 'ಹಡಗು ಬಹಳ ಚೆನ್ನಾಗಿದೆ ಅನ್ನುತ್ತಿದ್ದಾರೆ' ಎಂದು ಭಾಷಾಂತರಿಸಿದೆ. ಕ್ಯಾಪ್ಟನ್ ಖುಷಿಯಾಗಿ ಮುಂದೆ ಹೋದರು.

ಆದರೆ ನೀರಿನ ಮಧ್ಯೆ ಹೋದಂತೆ ದೊಡ್ಡಪ್ಪ ಸಪ್ಪಗಾದರು. ಡೆಕ್ಕಿನ ಕಟಕಟೆ ಹಿಡಿದು ನಿಂತು ನಿಂತು ಕೊನೆಗೆ ಹೇಳಿದರು:

'ಇದೆಂಥಾ ರೂಟೇ? ಯಾರೂ ಹತ್ತಲ್ಲ, ಯಾರೂ ಇಳಿಯಲ್ಲ.'

ಶುಕ್ರವಾರ ಬೆಳಿಗ್ಗೆ ಗೋವಾ. ಊರು ನೋಡಿಕೊಂಡು ಸಂಜೆಯೊಳಗೆ ವಾಪಸ್ ಬನ್ನಿ ಅಂತ ಘೋಷಣೆಯಾಯಿತು. ನಾನು ಹೊಸ ಟೋಪಿ ಹಾಕಿಕೊಂಡು ರೆಡಿ. ಅಷ್ಟರಲ್ಲಿ ದೊಡ್ಡಪ್ಪನ ಫೋನಿಗೆ ನೆಟ್‌ವರ್ಕ್ ಬಂತು, ಬಂದ ಕೂಡಲೇ ರಿಂಗಾಯಿತು. ಅಜ್ಜಂಪುರದಲ್ಲಿ ವೀಳ್ಯದೆಲೆ ಮಾರುವ ಅಜ್ಜಿ. ದಿನಾ ಎಲೆಯ ಬುಟ್ಟಿಯನ್ನು ಅದೇ ಬಸ್ಸಿಗೆ ಹಾಕುವವಳು. ಆಕೆ ಮಾತಾಡಿದರೆ ಫೋನೇ ಬೇಡ, ಅಜ್ಜಂಪುರದಿಂದ ಗೋವಾಕ್ಕೆ ಹಾಗೇ ಕೇಳುತ್ತದೆ:

'ಕಂಡಕ್ಟ್ರೇ, ನಾಳೆ ಒಂದಿನ ಅಂತೆ! ನಾಡಿದ್ದಿಂದ ಬಸ್ ಇಲ್ವಂತೆ! ಓನರ್ರು ಮಾರ್ಬಿಟ್ರಂತೆ! ನನ್ ಎಲೆ ಬುಟ್ಟಿ ಯಾರ್ ಹಾಕ್ಕಂಡ್ ಹೋಯ್ತಾರೆ?'

ದೊಡ್ಡಪ್ಪ ಫೋನನ್ನು ಕಿವಿಯಿಂದ ತೆಗೆದು ಒಂದು ಸಲ ನೋಡಿ, ಮತ್ತೆ ಕಿವಿಗಿಟ್ಟುಕೊಂಡರು. 'ಯಾರೇ ಹೇಳಿದ್ದು?'

'ಡ್ರೈವರ್ ಸಾಬ್ರೇ ಹೇಳಿದ್ರು. ನಿಮ್ಗೆ ಹೇಳ್ಬೇಡ ಅಂದಿದ್ರು. ಸಮುದ್ರ ನೋಡ್ಕಂಡು ಬರ್ಲಿ ಪಾಪ, ಅಂದ್ರು. ಅದ್ಕೇ ಹೇಳ್ತಿಲ್ಲ ನಾನು!'

ಫೋನ್ ಇಟ್ಟರು. 'ಬಟ್ಟೆ ತುಂಬ್ಕ. ಇಳಿಯಾಣ' ಅಂದರು.

ಇಳಿಯುವುದೇ? ಮಾರನೇ ದಿನ ಈಜುಕೊಳದ ಪಾರ್ಟಿ, ಜಾದೂ ಪ್ರದರ್ಶನ, ಹನ್ನೊಂದನೇ ಮಹಡಿಯಲ್ಲಿ ಐಸ್‌ಕ್ರೀಂ, ಬೇಕಾದಷ್ಟು! ಇಡೀ ಕ್ಲಾಸಿಗೆ ರೀಲ್ಸ್ ಹಾಕುತ್ತೇನೆ ಅಂತ ಡಂಗುರ ಹೊಡೆದು ಬಂದಿದ್ದೇನೆ.

'ದೊಡ್ಡಪ್ಪ, ಅಪ್ಪನಿಗೆ ಏನು ಹೇಳ್ತೀರಿ? ಎಷ್ಟು ಆಸೆಯಿಂದ ಕಳ್ಸಿದಾರೆ! ನೀವು ಮಧ್ಯದಲ್ಲೇ ಇಳಿದ್ರೆ ಅಪ್ಪ ಸತ್ತೇ ಹೋಗ್ತಾರೆ!'

ದೊಡ್ಡಪ್ಪನ ಮುಖ ಒಂದು ಕ್ಷಣ ಮುದುಡಿತು. ಆಮೇಲೆ ಹೇಳಿದರು: 'ಮಗಾ, ಮೂವತ್ತೊಂದು ವರ್ಷ ನಾನು ವಿಷಲ್ ಊದ್ದೆ ಆ ಬಸ್ಸು ಎಲ್ಲೂ ನಿಂತಿಲ್ಲ. ನಾಳೆ ಕಡೂರು ಸ್ಟ್ಯಾಂಡಲ್ಲಿ ಕೊನೇ ಸಲ ನಿಲ್ಲತ್ತೆ. ನಾನಿಲ್ದೆ ಹೆಂಗೆ ನಿಲ್ಲತ್ತೆ ಹೇಳು? ನಿಮ್ಮಪ್ಪನಿಗೆ ಗೊತ್ತಾಗೋದು ಬ್ಯಾಡ. ಬಸ್ ನಿಲ್ಲಿಸಿ, ಎರಡು ದಿನ ಸಾಬ್ರ ಮನೇಲಿದ್ದು, ಹಡಗು ಕೊಚ್ಚಿ ಮುಟ್ಟಿದ್ಮೇಲೆ ಮನೆಗೆ ಹೋಗಾಣ.'

ಸುಳ್ಳಿನ ಯೋಜನೆ ಅಂದ ಕೂಡಲೇ ನನಗೆ ಹುಮ್ಮಸ್ಸು ಬಂತು ಅಂತ ಒಪ್ಪಿಕೊಳ್ಳಬೇಕು. ಐಸ್‌ಕ್ರೀಮಿಗೆ ಕಣ್ಣಲ್ಲೇ ವಿದಾಯ ಹೇಳಿ ಬಟ್ಟೆ ತುಂಬಿದೆ.

ಕೆಳಗಿನ ಕೌಂಟರಿನ ಮುಂದೆ ಬ್ಯಾಗು ಇಟ್ಟು ದೊಡ್ಡಪ್ಪ ಆ ಐತಿಹಾಸಿಕ ಹೋಲ್ಡಾನ್ ಕೂಗಿದ್ದು ಆಗಲೇ. ಕೌಂಟರಿನ ಅಕ್ಕ ಬೆಚ್ಚಿಬಿದ್ದರು. ಇಂಗ್ಲಿಷಿನಲ್ಲಿ ಹೇಳಿದರು: ನಿಮ್ಮದು ಕೊಚ್ಚಿಯವರೆಗಿನ ಟಿಕೆಟ್. ಊರು ನೋಡಲು ಇಳಿಯಬಹುದು, ಪೂರ್ತಿ ಇಳಿಯುವ ಹಾಗಿಲ್ಲ. ಮಧ್ಯದಲ್ಲಿ ಬಿಡುವುದಾದರೆ ಮೊದಲೇ ತಿಳಿಸಬೇಕಿತ್ತು. ಪ್ರಯಾಣಿಕರ ಪಟ್ಟಿ ಬದಲಾಗಬೇಕು, ಬಂದರಿನವರಿಗೆ ಹೇಳಬೇಕು, ಕ್ಯಾಪ್ಟನ್ ಒಪ್ಪಬೇಕು.

ನಾನು ಹೇಳಿದೆ. ದೊಡ್ಡಪ್ಪನಿಗೆ ಆದ ಆಘಾತ ನೋಡಬೇಕಿತ್ತು ನೀವು!

'ಏನಂದ್ಲು? ಇಳಿಯಂಗಿಲ್ವಾ? ಕೇಳಮ್ಮ ತಾಯಿ, ಅಜ್ಜಂಪುರಕ್ಕೆ ಟಿಕೆಟ್ ತಗೊಂಡೋನು ಕಡೂರವರೆಗೂ ಕೂತ್ರೆ ತಪ್ಪು, ಹಿಡ್ದು ಇಳಿಸ್ಬೋದು. ಕಡೂರಿಗೆ ತಗೊಂಡೋನು ಅಜ್ಜಂಪುರದಲ್ಲೇ ಇಳಿದ್ರೆ ತಪ್ಪೆಲ್ಲಿಂದ ಬಂತು? ಸೀಟ್ ಉಳೀತಲ್ಲ! ಇಂಥ ಕಾನೂನು ಯಾವ ಲೈನಲ್ಲಿದೆ?'

ಅಕ್ಕ ನನ್ನ ಕಡೆ ತಿರುಗಿ, ಇಳಿಯಲು ಕಾರಣವೇನು ಅಂತ ಕೇಳಿದರು.

'ಬಸ್ಸಿದೆ ಅನ್ನು' ಅಂದರು ದೊಡ್ಡಪ್ಪ.

ಹಾಗಂದರೆ ಸೀದಾ ಹಡಗಿನ ಡಾಕ್ಟರ ಹತ್ತಿರ ಕಳಿಸುತ್ತಾರೆ. 'ನಮ್ಮವರೊಬ್ಬರಿಗೆ ತುಂಬ ಸೀರಿಯಸ್' ಅಂದೆ.

ಅಕ್ಕನ ಮುಖ ಮೆತ್ತಗಾಯಿತು. ಏನಾಗಿದೆ ಅಂತ ಕೇಳಿದರು. ನಾನು ದೊಡ್ಡಪ್ಪನಿಗೆ 'ಅದಕ್ಕೆ ಏನಾಗಿದೆ ಅಂತೆ' ಅಂದೆ.

'ವಯಸ್ಸಾಗಿದೆ ತಾಯಿ. ಎರಡು ಸಲ ಪೂರಾ ಬಿಚ್ಚಿ ಕಟ್ಟಿದಾರೆ. ಏರು ಸಿಕ್ಕಿದ್ರೆ ಉಸಿರು ಕಟ್ಟತ್ತೆ, ಹೊಗೆ ಬರತ್ತೆ.'

ಹೊಗೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಪ್ರಾಮಾಣಿಕವಾಗಿ ಭಾಷಾಂತರಿಸಿದೆ.

'ಎಷ್ಟು ವರ್ಷದ ಒಡನಾಟ?'

'ಮೂವತ್ತೊಂದು ವರ್ಷ. ಒಂದಿನ ಬಿಟ್ಟಿದ್ದಿಲ್ಲ' ಅಂದರು ದೊಡ್ಡಪ್ಪ. ಅಕ್ಕನ ಕಣ್ಣಲ್ಲಿ ನೀರು!

'ಈಗ ಜೊತೆಯಲ್ಲಿ ಯಾರಿದ್ದಾರೆ?'

'ಡ್ರೈವರ್ ಒಬ್ರೇ ನೋಡ್ಕತಾ ಇದಾರೆ.'

ಡ್ರೈವರ್ ಅನ್ನುವ ಪದ ಅಕ್ಕನಿಗೂ ಅರ್ಥವಾಯಿತು. ಅಂಥ ರೋಗಿಯನ್ನು ಡ್ರೈವರ್ ಕೈಲಿ ಬಿಟ್ಟು ಸಮುದ್ರಕ್ಕೆ ಬಂದಿದ್ದಾರಲ್ಲ ಅಂತ ಆಕೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

'ಎಷ್ಟು ದಿನ ಅಂತ ಹೇಳಿದ್ದಾರೆ?'

'ನಾಳೆ ಕೊನೆ ಅಂತ ಓನರ್ರು ಹೇಳ್ಬಿಟ್ಟಿದಾರೆ.'

ಓನರ್ ಅನ್ನುವುದನ್ನು 'ದೊಡ್ಡ ಡಾಕ್ಟರು' ಅಂತ ಮಾಡಿದೆ. ಇನ್ನು ಹೇಳುವುದೇನಿದೆ? ಅಕ್ಕ ಫೋನೆತ್ತಿ ಓಡಾಡಿದರು, ಫಾರಂ ತುಂಬಿಸಿದರು, ಮೇಲಿನಿಂದ ಒಪ್ಪಿಗೆ ಬಂತು. ಒಂದು ಗಂಟೆಯಲ್ಲಿ ನಮ್ಮ ಹೆಸರು ಪಟ್ಟಿಯಿಂದ ಹೊರಗೆ! ಹೊರಡುವಾಗ ಕೌಂಟರಿನವರೆಲ್ಲ ಸಹಿ ಮಾಡಿ, 'ಬೇಗ ಗುಣವಾಗಲಿ' ಅಂತ ಹೂವಿನ ಚಿತ್ರದ ಕಾರ್ಡು ಕೊಟ್ಟರು. ದೊಡ್ಡಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು 'ಎಷ್ಟು ಒಳ್ಳೇ ಜನ ನೋಡೇ, ಬಸ್ಸಿಗೂ ಮರುಗ್ತಾರೆ' ಅಂದರು.

ಸಿಕ್ಕಿದ ರೈಲು ಹಿಡಿದು ಶನಿವಾರ ಬೆಳಿಗ್ಗೆ ಬೀರೂರಿನಲ್ಲಿ ಇಳಿದೆವು. ಒಂದು ಸ್ಟೇಷನ್ ಮುಂದೆ ಕಡೂರು, ಅಲ್ಲಿ ಅಪ್ಪ! ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡೆ. ದೊಡ್ಡಪ್ಪ ಟವೆಲನ್ನು ತಲೆಗೆ ಸುತ್ತಿ ವೇಷ ಮರೆಸಿಕೊಂಡರು. ಪ್ಲಾಟ್‌ಫಾರಂ ಮೇಲೆ ಸಿಕ್ಕ ಮೊದಲ ಮೂರು ಜನರೂ 'ಏನ್ ಕಂಡಕ್ಟ್ರೇ, ಟವೆಲ್ ಯಾಕೆ, ಥಂಡಿನಾ?' ಅಂದರು.

ಅಲ್ಲೇ ಅಪ್ಪನ ಮೆಸೇಜು ಬಂತು: 'ಸಮುದ್ರ ಹೇಗಿದೆ?'

ನಾನು ಎಡಗೈಯಲ್ಲಿ ಇಡ್ಲಿ ಹಿಡಿದುಕೊಂಡು, ಬಲಗೈಯಲ್ಲಿ ಗುರುವಾರ ತೆಗೆದ ನೀರಿನ ಫೋಟೋ ಕಳಿಸಿದೆ. 'ಅಲೆ ಜೋರಿದೆ ಅಪ್ಪ. ದೊಡ್ಡಪ್ಪ ಡೆಕ್ ಮೇಲೆ ಜ್ಯೂಸ್ ಕುಡೀತಿದಾರೆ' ಅಂತ ಬರೆದೆ. 'ಹುಷಾರು' ಅಂತ ಉತ್ತರ ಬಂತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಅಲ್ಲಿಂದ ಬೇರೆ ಬಸ್ಸು ಹಿಡಿದು ತರೀಕೆರೆ ಸ್ಟ್ಯಾಂಡಿಗೆ ಹೋದೆವು. ಬಸ್ಸು ನಿಂತಿತ್ತು. ಗಾಜು ಒರೆಸುತ್ತಿದ್ದ ಡ್ರೈವರ್ ಚಾಚಾ ನಮ್ಮನ್ನು ನೋಡಿ ಬಟ್ಟೆ ಕೆಳಗೆ ಹಾಕಿದರು. ತರೀಕೆರೆಯವರೇ, ಬಿಳಿ ಗಡ್ಡ. ಮೂವತ್ತೊಂದು ವರ್ಷದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು 'ಡ್ರೈವರೇ', 'ಕಂಡಕ್ಟರೇ' ಅಂತಲ್ಲದೆ ಬೇರೆ ಕರೆದವರಲ್ಲ.

'ಯಾ ಅಲ್ಲಾ! ಕಂಡಕ್ಟ್ರೇ? ನೀವು ಸಮುದ್ರದಾಗೆ ಇರ್ಬೇಕಲ್ಲ!'

'ಇಳಿದ್ಬಿಟ್ಟೆ.'

'ಮಧ್ಯದಾಗೆ? ನೀರಲ್ಲಿ?'

'ನೀವು ನನ್ಗೆ ಹೇಳ್ದೆ ಬಸ್ ನಿಲ್ಲಿಸ್ಬಿಡ್ತೀರಾ ಡ್ರೈವರೇ? ಅಷ್ಟು ಧೈರ್ಯ ಬಂತಾ?'

ಚಾಚಾ ಗಡ್ಡ ಸವರಿಕೊಂಡರು. 'ಎಲ್ಲಿ ಬಂತು ಧೈರ್ಯ? ನೀವು ಬಿಟ್ಟು ಒಂದು ತಿಂಗ್ಳಾಯ್ತು. ಹೊಸ ಕಂಡಕ್ಟರ್ ಹಾಕಿಲ್ಲ. ಸ್ಟಾಪ್ ಬಂದ್ರೆ ಕಾಲು ಬ್ರೇಕ್ ಮೇಲೆ ಹೋಗಲ್ಲ ಕಣ್ರೀ. ನಾನೇ ಬಾಯಲ್ಲಿ ಪೀ ಅಂದ್ಕಂಡು ನಿಲ್ಲಿಸ್ತಾ ಇದೀನಿ. ಜನ ನಗ್ತಾರೆ.'

ದೊಡ್ಡಪ್ಪ ಜೇಬಿನಿಂದ ಆ ಕಾರ್ಡು ತೆಗೆದು ಮುಂದಿನ ಗಾಜಿಗೆ ಅಂಟಿಸಿದರು. ಹೀಗೆ ತರೀಕೆರೆಯಿಂದ ಕಡೂರಿನವರೆಗೆ ನಮ್ಮ ಬಸ್ಸು ಇಂಗ್ಲಿಷಿನಲ್ಲಿ 'ಬೇಗ ಗುಣವಾಗಲಿ' ಎಂದು ಬರೆದುಕೊಂಡು ಓಡಿತು!

ಏನು ಓಡಾಟ ಅದು! ದೊಡ್ಡಪ್ಪನ ಮೊಣಕಾಲು ಎಲ್ಲಿ ಹೋಗಿತ್ತೋ. ಮುಂದಿನ ಬಾಗಿಲಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ. ವಿಷಲ್ ಊದಿದರೆ ಬಸ್ಸು ನಿಲ್ಲುತ್ತದೆ, ಎರಡು ಸಲ ಊದಿದರೆ ಹೊರಡುತ್ತದೆ. ಚಾಚಾ ಕನ್ನಡಿಯಲ್ಲಿ ನೋಡುವುದೇ ಇಲ್ಲ. ಸುದ್ದಿ ಹಬ್ಬಿ ಪ್ರತಿ ಸ್ಟಾಪಿನಲ್ಲೂ ಜನ. ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಹೋಗುವ ಹೆಂಗಸರೂ ಇವತ್ತು ಒಂದು ದಿನ ಟಿಕೆಟ್ ತೆಗೆಸಿ ಹತ್ತಿದರು. ಅಜ್ಜಂಪುರದಲ್ಲಿ ಎಲೆ ಅಜ್ಜಿ ಬುಟ್ಟಿಯ ಜೊತೆ ತಾನೂ ಹತ್ತಿತು. ಎಲ್ಲಿಗಜ್ಜಿ ಅಂದರೆ 'ಎಲ್ಗೂ ಇಲ್ಲ. ಸುಮ್ನೆ' ಅಂದಿತು. ಮೂವತ್ತೊಂದು ವರ್ಷ ಬುಟ್ಟಿಯನ್ನಷ್ಟೇ ಕಳಿಸಿತ್ತಂತೆ, ಬುಟ್ಟಿ ಎಲ್ಲೆಲ್ಲಿ ಹೋಗುತ್ತಿತ್ತು ಅಂತ ನೋಡಿರಲಿಲ್ಲವಂತೆ!

'ಹಡಗು ಹೆಂಗಿತ್ತು ಕಂಡಕ್ಟ್ರೇ?' ಎಂದು ಒಬ್ಬರು ಕೂಗಿದರು.

'ದೊಡ್ಡದಿತ್ತು. ಆದ್ರೆ ಒಬ್ರೂ ನಿಂತ್ಕಂಡು ಹೋಗ್ತಿರ್ಲಿಲ್ಲ. ಕಲೆಕ್ಷನ್ ಡಲ್ಲು!'

ಬಸ್ಸು ಗೊಳ್ಳೆಂದು ನಕ್ಕಿತು. ನಗು ಬೀರೂರು ದಾಟುವವರೆಗೆ ಇತ್ತು. ಆಮೇಲೆ ಕಡೂರಿನ ಮನೆಗಳು ಕಾಣಿಸತೊಡಗಿದ ಹಾಗೆ ಒಬ್ಬೊಬ್ಬರದೇ ಮಾತು ನಿಂತಿತು. ನಾನು ಸೀಟಿನ ಕೆಳಗೆ ತಲೆ ತಗ್ಗಿಸಿ ಕೂತೆ. ಇಲ್ಲಿಂದ ಮುಂದೆ ಎಲ್ಲೆಲ್ಲೂ ಅಪ್ಪನ ರಾಜ್ಯ.

ಬಸ್ಸು ಕಡೂರು ಸ್ಟ್ಯಾಂಡಿನೊಳಗೆ ತಿರುಗಿತು. ನಿಲ್ಲುವ ಜಾಗ ಬಂತು. ದೊಡ್ಡಪ್ಪ ವಿಷಲ್ ಬಾಯಿಗಿಟ್ಟರು.

ಸದ್ದಿಲ್ಲ.

ಚಾಚಾ ಬ್ರೇಕ್ ಹಾಕಲಿಲ್ಲ. ವಿಷಲ್ ಇಲ್ಲವಲ್ಲ! ಬಸ್ಸು ನಿಲ್ಲುವ ಜಾಗ ದಾಟಿ ಸ್ಟ್ಯಾಂಡನ್ನು ಒಂದು ಸುತ್ತು ಹಾಕಿ ಮತ್ತೆ ಅಲ್ಲಿಗೇ ಬಂತು. ದೊಡ್ಡಪ್ಪ ಕೆನ್ನೆ ಉಬ್ಬಿಸಿದರು. ಸದ್ದಿಲ್ಲ. ಇನ್ನೊಂದು ಸುತ್ತು! ಕಾಯುತ್ತಿದ್ದ ಜನ ಎದ್ದು ನಿಂತರು. ಬಾಳೆಹಣ್ಣಿನ ಗಾಡಿಯವನು ಗಾಡಿ ಹಿಂದಕ್ಕೆಳೆದುಕೊಂಡ. ಬಸ್ಸಿನೊಳಗೆ ಅರವತ್ತು ಜನ, ಒಬ್ಬರೂ 'ನಿಲ್ಸಿ' ಅನ್ನುತ್ತಿಲ್ಲ. ಮೂರನೇ ಸುತ್ತು! ಕಿಟಕಿಯಿಂದ ಇಣುಕಿದ ನನ್ನ ಜೀವ ಅಲ್ಲೇ ಹಾರಿಹೋಯಿತು.

ಇಸ್ತ್ರಿ ಶರ್ಟು! ಓಡಿ ಬರುತ್ತಿದೆ!

ಅಪ್ಪ ಓಡುವುದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ನಿಧಾನಕ್ಕೆ ತಿರುಗುತ್ತಿದ್ದ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ, ಸರಳು ಹಿಡಿದು, ಹಿಂದಿನ ಬಾಗಿಲಿಗೆ ಹತ್ತಿಯೇಬಿಟ್ಟರು. ಅಪ್ಪ ಮೊದಲು ನೋಡಿದ್ದು ನನ್ನನ್ನು.

'ಅಲೆ ಜೋರಿದ್ಯಾ ಮಗಳೇ?'

ಹಡಗಿನವರು ನಿನ್ನೆ ಸಂಜೆಯೇ ಟಿಕೆಟ್ ತೆಗೆಸಿದವರ ನಂಬರಿಗೆ ಮೆಸೇಜು ಹಾಕಿದ್ದರಂತೆ. ನಿಮ್ಮವರಿಬ್ಬರು ಗೋವಾದಲ್ಲಿ ಇಳಿದಿದ್ದಾರೆ, ರೋಗಿ ಬೇಗ ಚೇತರಿಸಿಕೊಳ್ಳಲಿ ಅಂತ. ಯಾವ ರೋಗಿ ಅಂತ ಅಪ್ಪ ಗಾಬರಿಯಿಂದ ಹತ್ತು ಕಡೆ ಫೋನ್ ಮಾಡಿದಾಗ, ಬಸ್ಸಿನ ಸುದ್ದಿ ತಿಳಿಯಿತಂತೆ. ಅಂದರೆ ನಾನು ಕಳಿಸಿದ ಸಮುದ್ರವನ್ನೆಲ್ಲ ಅಪ್ಪ ಗೊತ್ತಿದ್ದೇ ನೋಡಿದ್ದಾರೆ! ನಾನು ಕಣ್ಣು ಮುಚ್ಚಿ ಕಿವಿಯನ್ನು ಸಿದ್ಧ ಮಾಡಿಕೊಂಡೆ. ಈಗ ಗುಡುಗು ಬರುತ್ತದೆ.

ಬರಲಿಲ್ಲ. ಅಪ್ಪ ದೊಡ್ಡಪ್ಪನ ಹತ್ತಿರ ಹೋಗಿ, ಇಸ್ತ್ರಿಯಿಲ್ಲದ, ನನಗೆ ಪರಿಚಯವೇ ಇಲ್ಲದ ಒಂದು ಸಣ್ಣ ದನಿಯಲ್ಲಿ ಕೇಳಿದರು.

'ಹಡಗು ಚೆನ್ನಾಗಿರ್ಲಿಲ್ವಾ ಅಣ್ಣ?'

'ಚೆನ್ನಾಗಿತ್ತು ಕಣೋ. ತುಂಬಾ ಚೆನ್ನಾಗಿತ್ತು.'

'ಮತ್ತೆ?'

ದೊಡ್ಡಪ್ಪ ವಿಷಲ್ ತೋರಿಸಿದರು. 'ಇದನ್ನ ಊದಾಣ ಅಂತ ಬಂದೆ. ಊದಕ್ಕಾಗ್ತಿಲ್ಲ ಕಣೋ. ಉಸಿರೇ ಬರ್ತಿಲ್ಲ.'

ಬಸ್ಸು ನಾಲ್ಕನೇ ಸುತ್ತು ತಿರುಗುತ್ತಿತ್ತು. ಚಾಚಾ ಹಿಂದಕ್ಕೆ ತಿರುಗಿ ನೋಡಲಿಲ್ಲ. ಅಪ್ಪ ಅಣ್ಣನ ಭುಜದ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈ ಚಾಚಿದರು. ದೊಡ್ಡಪ್ಪ ವಿಷಲನ್ನು ಅದರಲ್ಲಿಟ್ಟರು.

ಅಪ್ಪನಿಗೆ ಊದಲು ಬರುತ್ತಿರಲಿಲ್ಲ. ಮೊದಲ ಸಲ ಬರೀ ಗಾಳಿ. ಎರಡನೇ ಸಲ ತೆಳ್ಳಗೆ, ಶಾಲೆಯ ಹುಡುಗರು ಊದುವ ಹಾಗೆ, ಒಂದು ಸದ್ದು ಬಂತು.

ಬಸ್ಸು ನಿಂತಿತು. ಎಂಜಿನ್ ಆರಿತು. ಯಾರೂ ಇಳಿಯಲಿಲ್ಲ.